400 ಸೀಟು ಗೆಲ್ಲಿಸಿದ ಬ್ರಿಟನ್ ಮತದಾರ ಒಂದೇ ವರ್ಷದಲ್ಲಿ ಮುನಿದದ್ದೇಕೆ?

ಓದುಗರ ಪ್ರಶ್ನೆ: 2024ರ ಜುಲೈನಲ್ಲಿ ಲೇಬರ್ ಪಕ್ಷವನ್ನು 400ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಗೆಲ್ಲಿಸಿದ್ದು ಬ್ರಿಟನ್ನಿನ ಮತದಾರರೇ. ವರ್ಷ ತುಂಬುವ ಮೊದಲೇ ಅದೇ ಸರ್ಕಾರಕ್ಕೆ ಶಾಪ ಹಾಕತೊಡಗಿದವರೂ ಅವರೇ. ಅದಕ್ಕೆ ಮುಂಚೆ ಕನ್ಸರ್ವೇಟಿವ್ ಪಕ್ಷಕ್ಕೂ ಇದೇ ಗತಿಯಾಗಿತ್ತು. ಅಲ್ಲಿನ ಮತದಾರರಿಗೆ ಆಗಿರುವುದಾದರೂ ಏನು?

ಉತ್ತರ: ಪ್ರಶ್ನೆಯ ಮೊದಲ ಸಾಲನ್ನೇ ಸ್ವಲ್ಪ ತಿದ್ದಿಕೊಂಡು ಹೊರಡೋಣ. ಲೇಬರ್ ಪಕ್ಷಕ್ಕೆ 650ರಲ್ಲಿ 411 ಸ್ಥಾನ ಸಿಕ್ಕಿದ್ದು ನಿಜ. ಆದರೆ ಅದಕ್ಕೆ ಬಿದ್ದ ಮತ ಶೇ 33.7 ಮಾತ್ರ. ಅಂದು ಮತಗಟ್ಟೆಗೆ ಹೋದವರೇ ನೂರಕ್ಕೆ ಸುಮಾರು 60 ಮಂದಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮತದಾರರ ಪಟ್ಟಿಯಲ್ಲಿದ್ದ ಪ್ರತಿ ಐವರಲ್ಲಿ ಒಬ್ಬರು ಆ ಪಕ್ಷಕ್ಕೆ ಮತ ಹಾಕಿದ್ದರು. ಉಳಿದ ನಾಲ್ವರು ಬೇರೆಯವರಿಗೆ ಹಾಕಿದ್ದರು ಅಥವಾ ಮನೆಯಲ್ಲೇ ಉಳಿದಿದ್ದರು. ಆದ್ದರಿಂದ ವರ್ಷದೊಳಗೆ ಜನ ತಿರುಗಿಬಿದ್ದರು ಎನ್ನುವುದು ಅರ್ಧ ಸತ್ಯ. ಹೆಚ್ಚಿನವರು ಮೊದಲಿನಿಂದಲೂ ಆ ಕಡೆ ಇರಲೇ ಇಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ವಿಚಿತ್ರ. 2019ರಲ್ಲಿ ಜೆರೆಮಿ ಕಾರ್ಬಿನ್ ನಾಯಕತ್ವದಲ್ಲಿ ಲೇಬರ್ ಪಕ್ಷ 202 ಸ್ಥಾನಕ್ಕೆ ಕುಸಿದಿತ್ತು. 1935ರ ನಂತರ ಆ ಪಕ್ಷ ಕಂಡ ಅತ್ಯಂತ ಹೀನಾಯ ಸೋಲು ಅದು. ಆಗ ಬಿದ್ದ ಮತ ಒಂದು ಕೋಟಿ ಎರಡು ಲಕ್ಷಕ್ಕೂ ಹೆಚ್ಚು. ಐದು ವರ್ಷದ ಬಳಿಕ ಕೀರ್ ಸ್ಟಾರ್ಮರ್ ನಾಯಕತ್ವದಲ್ಲಿ ಬಿದ್ದದ್ದು 97 ಲಕ್ಷ. ಐದು ಲಕ್ಷಕ್ಕೂ ಹೆಚ್ಚು ಮತ ಕಡಿಮೆಯಾಯಿತು, ಸೀಟು ಇಮ್ಮಡಿಯಾಯಿತು. ಲೇಬರ್ ಬೆಳೆದದ್ದಕ್ಕಿಂತ ಎದುರಾಳಿ ಒಡೆದದ್ದೇ ಇದಕ್ಕೆ ದೊಡ್ಡ ಕಾರಣ. ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷ ಕನ್ಸರ್ವೇಟಿವ್ ಮತಬುಟ್ಟಿಗೆ ಕೈ ಹಾಕಿ 41 ಲಕ್ಷ ಮತ ಬಾಚಿಕೊಂಡಿತು. ಅದಕ್ಕೆ ದಕ್ಕಿದ್ದು ಐದೇ ಸ್ಥಾನ. ಅದಕ್ಕಿಂತ ಕಡಿಮೆ, ಅಂದರೆ 35 ಲಕ್ಷ ಮತ ಪಡೆದ ಲಿಬರಲ್ ಡೆಮಾಕ್ರಟ್ ಪಕ್ಷಕ್ಕೆ 72 ಸ್ಥಾನ ಬಂತು.

ಕರ್ನಾಟಕದ ಓದುಗರಿಗೆ ಇದು ಹೊಸದೇನಲ್ಲ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನೇ ಗೆದ್ದ ಎನ್ನುವ ಈ ಪದ್ಧತಿ ನಮಗೆ ಬಂದದ್ದೇ ಅಲ್ಲಿಂದ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಿಜೆಪಿಗಿಂತ ಹೆಚ್ಚು ಮತ ಬಿದ್ದಿತ್ತು, ಆದರೆ ಸ್ಥಾನ ಬಿಜೆಪಿಗೆ 104, ಕಾಂಗ್ರೆಸ್‌ಗೆ 80. ಆದರೂ ಇಂತಹ ಏರುಪೇರು ನಮ್ಮಲ್ಲಿ ಚುನಾವಣೆ ಮುಗಿದ ವಾರದ ಚರ್ಚೆಯಾಗಿ ಮುಗಿದುಹೋಗುತ್ತದೆ. ಬ್ರಿಟನ್‌ನಲ್ಲಿ ಅದು ಈಗ ದಿನನಿತ್ಯದ ಅಸಮಾಧಾನ. ಎರಡು ದೊಡ್ಡ ಪಕ್ಷಗಳಿದ್ದ ಕಾಲಕ್ಕೆ ಹೊಂದಿದ್ದ ಪದ್ಧತಿಯಲ್ಲಿ ಈಗ ನಾಲ್ಕೈದು ಪಕ್ಷಗಳು ಸೆಣಸುತ್ತಿರುವುದೇ ಅದಕ್ಕೆ ಕಾರಣ.

ಒಂದು ಕ್ಷೇತ್ರವನ್ನು ಹತ್ತಿರದಿಂದ ನೋಡಿ. ಇಂಗ್ಲೆಂಡಿನ ಪೂರ್ವ ಭಾಗದ ಸೌತ್ ವೆಸ್ಟ್ ನಾರ್ಫೋಕ್ ಮಾಜಿ ಪ್ರಧಾನಿ ಲಿಜ್ ಟ್ರಸ್ ಅವರ ಕ್ಷೇತ್ರವಾಗಿತ್ತು. 2019ರಲ್ಲಿ ಅವರು ಅಲ್ಲಿ 26 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. 2024ರಲ್ಲಿ ಲೇಬರ್ ಅಭ್ಯರ್ಥಿ ಅವರನ್ನು 630 ಮತಗಳಿಂದ ಸೋಲಿಸಿದರು. ಮಾಜಿ ಪ್ರಧಾನಿಯೊಬ್ಬರು ಸಂಸತ್ ಸ್ಥಾನವನ್ನೇ ಕಳೆದುಕೊಂಡದ್ದು ದೊಡ್ಡ ಸುದ್ದಿಯಾಯಿತು. ಗೆದ್ದವರಿಗೆ ಬಿದ್ದ ಮತ ಶೇ 27ಕ್ಕಿಂತ ಕಡಿಮೆ ಎನ್ನುವುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಟ್ರಸ್ ಅವರಿಗೆ ಶೇ 25ರಷ್ಟು, ಅವರ ಹಿಂದೆಯೇ ರಿಫಾರ್ಮ್, ಆಮೇಲೆ ಒಬ್ಬ ಪಕ್ಷೇತರ. ಅಲ್ಲಿ ಮತ ಹಾಕಿದ ನಾಲ್ವರಲ್ಲಿ ಮೂವರಿಗೆ ಬೇಡವಾಗಿದ್ದ ಅಭ್ಯರ್ಥಿ ಈಗ ನಾಲ್ವರಿಗೂ ಪ್ರತಿನಿಧಿ. ಅವರ ತಪ್ಪೇನೂ ಇಲ್ಲ, ನಿಯಮದಂತೆ ಗೆದ್ದರು. ಆದರೆ ಆ ಮೂವರಿಗೆ ಹೇಗನ್ನಿಸಿರಬೇಕು?

ಇಲ್ಲಿಂದಲೇ ಅಲ್ಲಿನ ಜನರ ಎರಡನೇ ದೂರು ಹುಟ್ಟುತ್ತದೆ: ಮತವನ್ನು ಬೇಕಾದವರಿಗೆ ಹಾಕುವಂತಿಲ್ಲ, ಬೇಡದವರನ್ನು ತಡೆಯಲು ಹಾಕಬೇಕು. ಗ್ರೀನ್ ಪಕ್ಷವನ್ನು ಇಷ್ಟಪಡುವವರು ಕನ್ಸರ್ವೇಟಿವ್ ಗೆದ್ದೀತೆಂಬ ಭಯಕ್ಕೆ ಲೇಬರ್‌ಗೆ ಹಾಕುತ್ತಾರೆ. ಲೇಬರ್ ಬೆಂಬಲಿಗರು ಇನ್ನೊಂದು ಕ್ಷೇತ್ರದಲ್ಲಿ ಅದೇ ಭಯಕ್ಕೆ ಲಿಬರಲ್ ಡೆಮಾಕ್ರಟ್ ಪಕ್ಷಕ್ಕೆ ಹಾಕುತ್ತಾರೆ. ನಿಮ್ಮ ಪಿನ್‌ಕೋಡ್ ಹಾಕಿದರೆ ಅಲ್ಲಿ ಯಾರಿಗೆ ಮತ ಹಾಕುವುದು ಜಾಣತನವೆಂದು ಹೇಳುವ ಜಾಲತಾಣಗಳೇ ಅಲ್ಲಿವೆ. ಹೀಗೆ ಒಲ್ಲದ ಮನಸ್ಸಿನಿಂದ ಕೊಟ್ಟ ಮತವನ್ನು ಗೆದ್ದ ಪಕ್ಷ ಮರುದಿನವೇ ಜನಾದೇಶವೆಂದು ಹಣೆಗೆ ಹಚ್ಚಿಕೊಳ್ಳುತ್ತದೆ. ಬೇರೆಲ್ಲ ಕಾರಣಗಳಿಗಿಂತ ಅಲ್ಲಿನ ಮತದಾರರ ಹತಾಶೆಯ ಬೇರು ಇರುವುದು ಇಲ್ಲೇ ಎಂದು ನನ್ನ ಎಣಿಕೆ. ಗೆಲುವು ಎಷ್ಟು ದೊಡ್ಡದೋ ಒಪ್ಪಿಗೆ ಅಷ್ಟೇ ತೆಳು. ಸರ್ಕಾರ ಮೊದಲ ಎಡವಟ್ಟು ಮಾಡಿದ ಕೂಡಲೇ ಆ ತೆಳುಪದರ ಹರಿಯುತ್ತದೆ.

ಇದರ ಜೊತೆಗೆ ಪ್ರಧಾನಿಗಳ ಬದಲಾವಣೆಯ ಮೆರವಣಿಗೆ. ಐರೋಪ್ಯ ಒಕ್ಕೂಟದಿಂದ ಹೊರಬರುವ ಕುರಿತ 2016ರ ಬ್ರೆಕ್ಸಿಟ್ ಜನಮತದಿಂದ 2024ರ ಚುನಾವಣೆಯವರೆಗೆ ಕ್ಯಾಮರೂನ್, ಮೇ, ಜಾನ್ಸನ್, ಟ್ರಸ್, ಸುನಕ್ ಎಂದು ಐವರು ಬಂದು ಹೋದರು, ಎಲ್ಲರೂ ಒಂದೇ ಪಕ್ಷದವರು. ಟ್ರಸ್ ಅವರನ್ನು ಆರಿಸಿದ್ದು ದೇಶವಲ್ಲ, ಕನ್ಸರ್ವೇಟಿವ್ ಪಕ್ಷಕ್ಕೆ ಚಂದಾ ಕಟ್ಟಿದ ಸದಸ್ಯರು. ಅವರಿಗೆ ಬಿದ್ದ ಮತ 81,326, ಎದುರಿದ್ದ ರಿಶಿ ಸುನಕ್ ಅವರಿಗೆ 60,399. ಆ 81 ಸಾವಿರ ಜನರ ಆಯ್ಕೆಯ ಸರ್ಕಾರ 2022ರ ಸೆಪ್ಟೆಂಬರ್ 23ರಂದು ಹಣದ ಮೂಲ ಹೇಳದೆ ಭಾರಿ ತೆರಿಗೆ ಕಡಿತ ಘೋಷಿಸಿತು. ಪೌಂಡ್ ನೆಲಕಚ್ಚಿತು, ಸಾಲದ ಬಡ್ಡಿ ಏರಿತು. ಬ್ರಿಟನ್‌ನಲ್ಲಿ ಗೃಹಸಾಲದ ಬಡ್ಡಿಯನ್ನು ಸಾಮಾನ್ಯವಾಗಿ ಎರಡು ಅಥವಾ ಐದು ವರ್ಷಕ್ಕಷ್ಟೇ ನಿಗದಿ ಮಾಡುತ್ತಾರೆ, ಅವಧಿ ಮುಗಿದಾಗ ಹೊಸ ದರಕ್ಕೆ ಒಪ್ಪಬೇಕು. ಶೇ 2ರ ಆಸುಪಾಸಿನಲ್ಲಿ ಕಂತು ಕಟ್ಟುತ್ತಿದ್ದವರ ಎದುರು ಆ ಅಕ್ಟೋಬರ್‌ನಲ್ಲಿ ಶೇ 6 ದಾಟಿದ ದರ ಬಂದು ನಿಂತಿತು. ಟ್ರಸ್ 49 ದಿನಕ್ಕೆ ಮನೆಗೆ ಹೋದರು. ಕಂತು ಮಾತ್ರ ಹೋಗಲಿಲ್ಲ.

ನಂತರ ಬಂದ ಸುನಕ್ ಅವರಿಗೆ ಪಕ್ಷದ ಸದಸ್ಯರ ಮತವೂ ಬೇಕಾಗಲಿಲ್ಲ, ಸಂಸದರ ಬೆಂಬಲದ ಮೇಲೆ ಅವಿರೋಧವಾಗಿ ನಾಯಕರಾದರು. ಅವರ ಪತ್ನಿ ಅಕ್ಷತಾ ಮೂರ್ತಿ ಹುಬ್ಬಳ್ಳಿಯಲ್ಲಿ ಹುಟ್ಟಿದವರಾದ್ದರಿಂದ ನಮ್ಮಲ್ಲಿ ಅಂದು ಅಳಿಯನ ಸಂಭ್ರಮ. ಬ್ರಿಟನ್ನಿನ ಬಹಳ ಮಂದಿ ಅದೇ ದಿನ ಕೇಳುತ್ತಿದ್ದದ್ದು, ಎರಡು ತಿಂಗಳಲ್ಲಿ ಇಬ್ಬರು ಪ್ರಧಾನಿಗಳು ಬಂದರು, ನಮ್ಮನ್ನು ಕೇಳಿದವರು ಯಾರು ಎಂದು. ಕೋವಿಡ್ ಕಾಲದಲ್ಲಿ ಜನ ಹೆತ್ತವರ ಅಂತ್ಯಕ್ರಿಯೆಗೂ ಹೋಗಲಾರದೆ ಇದ್ದಾಗ ಪ್ರಧಾನಿ ಕಚೇರಿಯಲ್ಲಿ ಕೂಟಗಳು ನಡೆದದ್ದು, ಜಾನ್ಸನ್ ಮತ್ತು ಸುನಕ್ ಇಬ್ಬರಿಗೂ ಪೊಲೀಸರು ದಂಡ ಹಾಕಿದ್ದು ಅದಕ್ಕೆ ಮುಂಚಿನ ಕತೆ. ಅದರ ಕಹಿ ಇನ್ನೂ ಇಳಿದಿಲ್ಲ.

ಹಾಗಾದರೆ ಲೇಬರ್ ಏನು ತಪ್ಪು ಮಾಡಿತು? ಬದಲಾವಣೆ ಎಂಬ ಒಂದೇ ಮಾತನ್ನು ಮುಂದಿಟ್ಟುಕೊಂಡು ಗೆದ್ದಿತು. ಏನನ್ನು ಬದಲಿಸುತ್ತೇವೆ ಎನ್ನುವುದಕ್ಕಿಂತ ಏನನ್ನು ಮುಟ್ಟುವುದಿಲ್ಲ ಎನ್ನುವುದನ್ನೇ ಪ್ರಣಾಳಿಕೆ ಸ್ಪಷ್ಟವಾಗಿ ಹೇಳಿತ್ತು. ಗೆದ್ದ ತಿಂಗಳಲ್ಲೇ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಪಿಂಚಣಿದಾರರಿಗೆ ಕೊಡುತ್ತಿದ್ದ 200ರಿಂದ 300 ಪೌಂಡ್ ನೆರವನ್ನು ತೀರಾ ಬಡವರಿಗೆ ಮಾತ್ರ ಎಂದು ಸೀಮಿತಗೊಳಿಸಿತು. ಸುಮಾರು ಒಂದು ಕೋಟಿ ಹಿರಿಯರ ಕೈಯಿಂದ ಆ ಹಣ ತಪ್ಪಿತು. ಇದರ ಸುಳಿವು ಪ್ರಣಾಳಿಕೆಯಲ್ಲಿ ಇರಲಿಲ್ಲ. ಬಡವರ ಪಕ್ಷವೆಂದು ನಂಬಿದ್ದವರಿಗೆ ನೆಚ್ಚಿದ ಎಮ್ಮೆ ಕೋಣ ಈದಂತಾಯಿತು. ಅದೇ ಹೊತ್ತಿಗೆ ಪ್ರಧಾನಿ ಸ್ಟಾರ್ಮರ್ ಶ್ರೀಮಂತ ಬೆಂಬಲಿಗರೊಬ್ಬರಿಂದ ಬಟ್ಟೆ, ಕನ್ನಡಕಗಳನ್ನು ಉಡುಗೊರೆಯಾಗಿ ಪಡೆದಿದ್ದು ಸುದ್ದಿಯಾಯಿತು. ನಿಯಮದ ಪ್ರಕಾರ ಘೋಷಿಸಿಕೊಂಡರೆ ಅದು ಅಪರಾಧವಲ್ಲ. ಆದರೆ ಅಜ್ಜಿಯ ಹೀಟರ್ ಹಣ ಕಿತ್ತುಕೊಂಡ ಹೊತ್ತಿನಲ್ಲಿ ಅದು ಹೇಗೆ ಕಾಣುತ್ತದೆ ಎನ್ನಲು ರಾಜಕೀಯ ಪಂಡಿತರು ಬೇಕಿಲ್ಲ. 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿದು, ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯವಿರುವವರಿಗೆ ನೆರವನ್ನು ಮರಳಿಸಿತು. ಕೊಟ್ಟರೂ ಹೆಸರು ಬರಲಿಲ್ಲ.

ಪಕ್ಷದೊಳಗಿನ ಶಿಸ್ತಿನ ಕತೆಯೂ ಇದಕ್ಕೆ ಸೇರಿಕೊಂಡಿದೆ. ಮೂರನೇ ಮಗುವಿಗೆ ಸರ್ಕಾರದ ನೆರವು ಇಲ್ಲವೆಂಬ ಹಳೆಯ ಮಿತಿಯನ್ನು ತೆಗೆಯಬೇಕೆಂದು 2024ರ ಜುಲೈನಲ್ಲಿ ಏಳು ಲೇಬರ್ ಸಂಸದರು ವಿಪ್ ಮೀರಿ ಮತ ಹಾಕಿದರು. ಏಳೂ ಮಂದಿಯನ್ನು ಸಂಸದೀಯ ಪಕ್ಷದಿಂದ ಅಮಾನತು ಮಾಡಲಾಯಿತು. 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಸರ್ಕಾರ ಅದೇ ಮಿತಿಯನ್ನು ತೆಗೆಯುವುದಾಗಿ ಘೋಷಿಸಿತು. ಕ್ಷೇತ್ರದ ಜನರ ಪರವಾಗಿ ಮಾತಾಡಿದರೆ ಶಿಕ್ಷೆ, ಪಕ್ಷವನ್ನೇ ಬಿಟ್ಟರೆ? 2024ರ ಮೇನಲ್ಲಿ, ಡೋವರ್‌ನಿಂದ ಕನ್ಸರ್ವೇಟಿವ್ ಟಿಕೆಟ್‌ನಲ್ಲಿ ಗೆದ್ದಿದ್ದ ನಟಾಲಿ ಎಲ್ಫಿಕ್ ಸದನದಲ್ಲೇ ಸಾಲು ದಾಟಿ ಲೇಬರ್ ಬೆಂಚಿನಲ್ಲಿ ಕುಳಿತರು. ಬ್ರಿಟನ್‌ನಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಸ್ಥಾನ ಹೋಗುವುದಿಲ್ಲ, ಉಪಚುನಾವಣೆಯೂ ಬೇಕಿಲ್ಲ. ಕಾಯ್ದೆ ಇದ್ದೂ ನಮ್ಮಲ್ಲಿ ಏನೇನು ನಡೆದಿದೆ ಎನ್ನುವುದು ಬೇರೆ ಮಾತು.

ಇಷ್ಟೆಲ್ಲ ಆದಾಗ ನಮ್ಮ ಮತದಾರರಾದರೆ ನೋಟಾ ಗುಂಡಿ ಒತ್ತಿಯಾರು. ಬ್ರಿಟನ್‌ನಲ್ಲಿ ಆ ಸೌಲಭ್ಯವಿಲ್ಲ, ಮತಯಂತ್ರವೂ ಇಲ್ಲ. ಕಾಗದದ ಮತಪತ್ರ, ದಾರ ಕಟ್ಟಿದ ಪೆನ್ಸಿಲ್, ಚೌಕದೊಳಗೆ ಒಂದು ಗುಣಾಕಾರದ ಗುರುತು. ಯಾರೂ ಬೇಡ ಎನ್ನುವವರು ಆ ಪೆನ್ಸಿಲ್ಲಿನಿಂದಲೇ ಮತಪತ್ರದ ಮೇಲೆ ಉದ್ದಕ್ಕೂ ಬೈಗುಳ ಬರೆದು ಬರುತ್ತಾರೆ. ಇದು ವ್ಯರ್ಥವೂ ಅಲ್ಲ. ಗೊಂದಲವಿರುವ ಮತಪತ್ರಗಳನ್ನು ಎಣಿಕೆಯ ರಾತ್ರಿ ಚುನಾವಣಾಧಿಕಾರಿ ಅಭ್ಯರ್ಥಿಗಳು ಮತ್ತು ಅವರ ಏಜೆಂಟರ ಎದುರೇ ತೋರಿಸಿ ತೀರ್ಮಾನಿಸುತ್ತಾರೆ. ಹಾಗಾಗಿ ಬೈಗುಳ ತಲುಪಬೇಕಾದವರಿಗೆ ತಲುಪುತ್ತದೆ. 2015ರಲ್ಲಿ ವೇಲ್ಸ್‌ನ ಮಾಂಟ್‌ಗೊಮೆರಿಶೈರ್‌ನಲ್ಲಿ ಯಾರೋ ಹಾಲಿ ಸಂಸದರ ಹೆಸರಿನ ಎದುರು ಅಶ್ಲೀಲ ಚಿತ್ರ ಬರೆದಿದ್ದರು. ಚಿತ್ರ ಗೆರೆ ದಾಟದೆ ಅಚ್ಚುಕಟ್ಟಾಗಿ ಚೌಕದೊಳಗೇ ಇದ್ದುದರಿಂದ ಅದು ಸಂಸದರ ಪರವಾದ ಮತವೆಂದೇ ಎಣಿಕೆಯಾಯಿತು!

ಪದ್ಧತಿಯನ್ನೇ ಬದಲಿಸಬಾರದೇ ಎಂದು ನೀವು ಮುಂದೆ ಕೇಳುತ್ತೀರಿ. ಒಮ್ಮೆ ಪ್ರಯತ್ನಿಸಿದ್ದರು. 2011ರ ಮೇ 5ರಂದು ನಡೆದ ಜನಮತದಲ್ಲಿ, ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಕೊಡುವ ಪದ್ಧತಿ ಬೇಕೇ ಎಂದು ಕೇಳಲಾಯಿತು. ಶೇ 68ರಷ್ಟು ಮಂದಿ ಬೇಡ ಎಂದರು. ಮತಕ್ಕೆ ತಕ್ಕಷ್ಟು ಸ್ಥಾನ ಕೊಡುವ ಅನುಪಾತೀಯ ಪ್ರಾತಿನಿಧ್ಯದ ಪ್ರಶ್ನೆ ಅಂದು ಇರಲೇ ಇಲ್ಲ. ಅದನ್ನು ಬೇಡುತ್ತಿದ್ದ ಲಿಬರಲ್ ಡೆಮಾಕ್ರಟರು 2010ರಲ್ಲಿ ಕನ್ಸರ್ವೇಟಿವ್ ಪಕ್ಷದ ಜೊತೆ ಮಿತ್ರಕೂಟದ ಸರ್ಕಾರ ಸೇರುವಾಗ ಇಷ್ಟಕ್ಕೇ ಒಪ್ಪಿಕೊಂಡಿದ್ದರು. ಕಾಲೇಜು ಶುಲ್ಕ ಏರಿಕೆಯನ್ನು ವಿರೋಧಿಸುತ್ತೇವೆಂದು 2010ರಲ್ಲಿ ಸಹಿ ಹಾಕಿ ಮಾತು ಕೊಟ್ಟ ಅದೇ ಪಕ್ಷ, ಅಧಿಕಾರಕ್ಕೆ ಬಂದು ಶುಲ್ಕದ ಮಿತಿಯನ್ನು 9,000 ಪೌಂಡ್‌ಗೆ ಏರಿಸಲು ಕೈಜೋಡಿಸಿತು. ಅದರ ಫಲ 2015ರಲ್ಲಿ ಸಿಕ್ಕಿತು: 57 ಸ್ಥಾನ ಎಂಟಕ್ಕೆ ಇಳಿಯಿತು. ಲೇಬರ್ ಸಮ್ಮೇಳನ 2022ರಲ್ಲಿ ಅನುಪಾತೀಯ ಪದ್ಧತಿಯ ಪರ ನಿರ್ಣಯ ಅಂಗೀಕರಿಸಿತು, ನಾಯಕತ್ವ ಅದನ್ನು ಪ್ರಣಾಳಿಕೆಗೆ ಸೇರಿಸಲಿಲ್ಲ. ಮೂರನೇ ಒಂದು ಭಾಗದ ಮತಕ್ಕೆ ಹೆಚ್ಚೂಕಡಿಮೆ ಮೂರನೇ ಎರಡು ಭಾಗದ ಸದನ ಸಿಗುವಾಗ ಯಾರು ತಾನೇ ಸೇರಿಸುತ್ತಾರೆ?

ಮತದಾರರೆಲ್ಲ ಪಾಪದವರು, ಪಕ್ಷಗಳೇ ದುಷ್ಟರು ಎಂದೂ ಹೇಳಲಾರೆ. ತೆರಿಗೆ ಏರಬಾರದು, ಆಸ್ಪತ್ರೆಯ ಸರತಿ ಮಾತ್ರ ಕರಗಬೇಕು ಎಂದು ಬಯಸುವವರು ಅಲ್ಲೂ ಬಹಳ ಮಂದಿ ಇದ್ದಾರೆ. ನಿಜ ಹೇಳಿದ ಪಕ್ಷ ಸೋಲುತ್ತದೆಂದು ಪಕ್ಷಗಳಿಗೆ ಗೊತ್ತು. ಆದರೂ ಮತಗಟ್ಟೆಗೆ ಬಾರದವರನ್ನು ನಿರಾಸಕ್ತರು ಎಂದು ತಳ್ಳಿಹಾಕುವುದು ತಪ್ಪು. 2024ರ ಕೊನೆಯಲ್ಲಿ ಮತ್ತೆ ಚುನಾವಣೆ ನಡೆಸಿ ಎಂಬ ಸಂಸತ್ತಿನ ಅರ್ಜಿಗೆ ಸುಮಾರು 30 ಲಕ್ಷ ಸಹಿ ಬಿದ್ದವು. 2025ರ ಮೇ 1ರಂದು, ಲೇಬರ್‌ಗೆ ಭದ್ರಕೋಟೆಯಂತಿದ್ದ ರನ್‌ಕಾರ್ನ್ ಮತ್ತು ಹೆಲ್ಸ್‌ಬಿ ಕ್ಷೇತ್ರದ ಉಪಚುನಾವಣೆಯಲ್ಲಿ ರಿಫಾರ್ಮ್ ಪಕ್ಷ ಆರೇ ಮತಗಳಿಂದ ಗೆದ್ದಿತು. ಅದೇ ದಿನದ ಸ್ಥಳೀಯ ಚುನಾವಣೆಗಳಲ್ಲಿ ಹತ್ತು ಕೌನ್ಸಿಲ್‌ಗಳು ಅದರ ಕೈಸೇರಿದವು. 2024ರಲ್ಲಿ 41 ಲಕ್ಷ ಮತಕ್ಕೆ ಐದು ಸೀಟು ಕೊಟ್ಟ ಪದ್ಧತಿಯೇ ಇನ್ನೊಂದಿಷ್ಟು ಮತ ವಾಲಿದರೆ ಆ ಪಕ್ಷಕ್ಕೆ ಬಹುಮತವನ್ನೂ ಕೊಟ್ಟೀತು. ಅದರ ಚಿಂತೆ ಈಗ ಎರಡೂ ಹಳೆಯ ಪಕ್ಷಗಳಿಗೆ ಹತ್ತಿದೆ.

ಕೊನೆಗೊಂದು ಉಪಯುಕ್ತ ವಿಷಯ, ಏಕೆಂದರೆ ಇದನ್ನು ಓದುವ ಕೆಲವರ ಮಕ್ಕಳು, ಸೊಸೆಯಂದಿರು ಅಲ್ಲಿದ್ದಾರೆ. ಬ್ರಿಟನ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತದಾನದ ಹಕ್ಕಿದೆ. ಜರ್ಮನಿ, ಇಟಲಿಯವರಿಗೆ ಇಲ್ಲ, ಭಾರತೀಯರಿಗೆ ಇದೆ. ವಿದ್ಯಾರ್ಥಿ ವೀಸಾದಲ್ಲಿರಲಿ, ಉದ್ಯೋಗ ವೀಸಾದಲ್ಲಿರಲಿ, ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು ಅಷ್ಟೇ. ಮತಗಟ್ಟೆಯಲ್ಲಿ ತೋರಿಸಬೇಕಾದ ಗುರುತಿನ ದಾಖಲೆಯಾಗಿ ಭಾರತದ ಪಾಸ್‌ಪೋರ್ಟೇ ಸಾಕು.