ಮನವಿ ಪತ್ರ: ಧರಣಿ ಶುರುವಾಗುವುದು ಇಲ್ಲಿಂದ

ದಾವಣಗೆರೆಯ ಜಯದೇವ ವೃತ್ತದಲ್ಲಿ ಇವತ್ತು ಅಂಗನವಾಡಿ ಕಾರ್ಯಕರ್ತೆಯರು ಕೂತರೆ ನಾಳೆ ರೈತರು. ಚಿತ್ರದುರ್ಗದವರಿಗೆ ಒನಕೆ ಓಬವ್ವ ವೃತ್ತ. ಬೇಡಿಕೆ ಯಾವುದೇ ಇರಲಿ, ಮರುದಿನ ಪೇಪರಿನಲ್ಲಿ ಸುದ್ದಿ ಮುಗಿಯುವುದು ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿ: ‘ಜಿಲ್ಲಾಧಿಕಾರಿ ಮೂಲಕ ಸರ್ಕಾರಕ್ಕೆ ಮನವಿ ಸಲ್ಲಿಸಿದರು.’ ಘೋಷಣೆ, ಭಾಷಣ ಎಲ್ಲ ಸಂಜೆಗೆ ಮುಗಿಯುತ್ತವೆ. ಕಚೇರಿಯ ಫೈಲಿಗೆ ಹೋಗುವುದು ಆ ಮನವಿ ಪತ್ರ ಮಾತ್ರ.

ನಮ್ಮ ತೊಂದರೆ ಏನು, ಯಾರು ಏನು ಮಾಡಬೇಕು, ಯಾವಾಗಿನೊಳಗೆ ಮಾಡಬೇಕು ಎಂದು ಬರೆದು ಸಹಿ ಹಾಕಿ ಕೊಡುವ ಕಾಗದ ಇದು. ಅದರೊಳಗಿನ ಬೇಡಿಕೆಗಳಿಗೆ ಹಕ್ಕೊತ್ತಾಯ ಅಂತಾರೆ. ಎಷ್ಟೋ ಕಡೆ ಶಾಮಿಯಾನ, ಮೈಕು, ಬ್ಯಾನರ್ ಎಲ್ಲ ಗೊತ್ತು ಮಾಡಿ, ಪತ್ರವನ್ನು ಕೊನೇ ಗಳಿಗೆಯಲ್ಲಿ ಜೆರಾಕ್ಸ್ ಅಂಗಡಿ ಮುಂದೆ ನಿಂತು ಬರೆಸುತ್ತಾರೆ. ನನ್ನ ಪ್ರಕಾರ ಮೊದಲು ಆಗಬೇಕಾದ ಕೆಲಸವೇ ಅದು. ಪತ್ರ ಬರೆಯಲು ಕೂತಾಗಲೇ ನಮಗೆ ಬೇಕಾದ್ದೇನು ಎಂದು ನಮಗೂ ಸ್ಪಷ್ಟವಾಗುತ್ತದೆ.

ಭದ್ರಾ ನಾಲೆಯನ್ನೇ ತಗೊಳ್ಳಿ. ‘ರೈತರಿಗೆ ನೀರು ಬಿಡಿ’ ಎಂದಷ್ಟೇ ಬರೆದರೆ ‘ಪರಿಶೀಲಿಸುತ್ತೇವೆ’ ಎನ್ನುವುದು ಸುಲಭ. ಯಾವ ಉಪನಾಲೆ, ಕೊನೇ ಭಾಗದ ಯಾವ ಊರುಗಳು, ಎಷ್ಟು ದಿನದಿಂದ ನೀರು ತಲುಪಿಲ್ಲ, ಭತ್ತ ಯಾವ ಹಂತದಲ್ಲಿದೆ ಎಂದು ಬರೆದರೆ ಅಧಿಕಾರಿ ಅದಕ್ಕೇ ಉತ್ತರ ಕೊಡಬೇಕಾಗುತ್ತದೆ. ಯಾರ ಹೆಸರಿಗೆ ಬರೆಯುತ್ತೇವೆ ಅನ್ನುವುದೂ ಮುಖ್ಯ. ಭದ್ರಾ ನೀರು ಯಾವಾಗ, ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಹಾಗಾಗಿ ಪತ್ರ ಆ ಸಮಿತಿಯ ಅಧ್ಯಕ್ಷರಿಗೆ ಇರಲಿ, ‘ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ’ ಎಂದು ನಮೂದಿಸಿ. ಹಕ್ಕೊತ್ತಾಯ ಮೂರೋ ನಾಲ್ಕೋ ಇದ್ದರೆ ಸಾಕು. ಇಪ್ಪತ್ತು ತುಂಬಿದರೆ ಮುಖ್ಯವಾದದ್ದು ಮುಚ್ಚಿಹೋಗುತ್ತದೆ.

ಪೊಲೀಸ್ ಠಾಣೆಗೆ ಕೊಡುವ ಅರ್ಜಿ ಬೇರೆ. ಅದರಲ್ಲಿ ದಿನ, ಹೊತ್ತು, ಮೆರವಣಿಗೆಯ ದಾರಿ, ಅಂದಾಜು ಜನ, ಜವಾಬ್ದಾರರ ಫೋನ್ ನಂಬರ್ ಇರಬೇಕು. ಮೈಕಿನ ಅನುಮತಿಯನ್ನೂ ಕೇಳಿಕೊಳ್ಳಿ. ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೂ ನಿಷೇಧಾಜ್ಞೆ ಇದೆಯಾ ಎಂದು ಮೊದಲೇ ವಿಚಾರಿಸಿ. ಎಲ್ಲರ ಬಾಯಲ್ಲೂ ಅದು ಇನ್ನೂ ‘144’. 2024ರ ಜುಲೈ 1ರಿಂದ ಮಾತ್ರ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್.

ಪತ್ರ ಕೊಡುವ ಹೊತ್ತೇ ನಾಜೂಕಿನದು. ‘ಡಿಸಿ ಸಾಹೇಬರೇ ಹೊರಗೆ ಬರಲಿ’ ಎಂದು ಕೂಗು ಏಳುತ್ತದೆ, ಗೇಟಿನ ಹತ್ತಿರ ನೂಕಾಟ ಶುರುವಾಗುತ್ತದೆ. ಬಿಸಿಲಲ್ಲಿ ಕೂತು ಸುಸ್ತಾದವರಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಅದಕ್ಕೇ ಒಳಗೆ ಹೋಗುವ ಐದು ಜನ ಯಾರು, ಓದುವವರು ಯಾರು ಎಂದು ಹಿಂದಿನ ದಿನವೇ ಮಾತಾಡಿಕೊಂಡಿರಬೇಕು. ಆ ಐವರಲ್ಲಿ ತೊಂದರೆ ಅನುಭವಿಸಿದವರೇ ಜಾಸ್ತಿ ಇರಲಿ. ಒಣಗಿದ ಗದ್ದೆಯ ವಿಷಯವನ್ನು ಆ ಗದ್ದೆಯ ಹೆಣ್ಣುಮಗಳೇ ಹೇಳಿದಾಗ ಅಧಿಕಾರಿಯೂ ತಲೆ ಎತ್ತಿ ಕೇಳುತ್ತಾರೆ.

ಕೊಟ್ಟ ಮೇಲೆ ಸುಮ್ನೆ ಫೋಟೊ ತೆಗೆಸಿಕೊಂಡು ಬರಬೇಡಿ. ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ಹೇಳಿದ ಗಡುವು ದಾಟಿದರೂ ಉತ್ತರ ಬಾರದಿದ್ದರೆ ಆ ಪ್ರತಿಯನ್ನು ಲಗತ್ತಿಸಿ, ‘ನಮ್ಮ ಮನವಿಯ ಮೇಲೆ ಏನು ಕ್ರಮ ಆಗಿದೆ’ ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕೆಂದು 2005ರ ಕಾಯ್ದೆಯಲ್ಲೇ ಇದೆ.