ಶುಗರ್ ಇದ್ದವರು ಸಕ್ಕರೆ ಬದಲು ಜೇನುತುಪ್ಪ ತಿನ್ನಬಹುದಾ?

ಪ್ರಶ್ನೆ: ನನಗೆ ಶುಗರ್ ಇದೆ. ಕಾಫಿಗೆ ಸಕ್ಕರೆ ಬಿಟ್ಟು ಜೇನುತುಪ್ಪ ಹಾಕಿಕೊಳ್ಳುತ್ತಿದ್ದೇನೆ. ನೈಸರ್ಗಿಕ ತಾನೇ, ಪರವಾಗಿಲ್ಲ ಅಲ್ವಾ?

ಉತ್ತರ: ಪರವಾಗಿಲ್ಲ ಅನ್ನಲು ಬರುವುದಿಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬೆಲ್ಲಕ್ಕೂ ಇದೇ ಉತ್ತರ, ದಯವಿಟ್ಟು ಅದನ್ನು ಬೇರೆಯಾಗಿ ಕೇಳಬೇಡಿ.

ಮೊದಲು ಆ ‘ನೈಸರ್ಗಿಕ’ದ ಕಥೆ. ಸಕ್ಕರೆ ಮಾತ್ರ ಎಲ್ಲಿಂದ ಬಂತು? ಮಂಡ್ಯದ ಕಬ್ಬಿನ ಗದ್ದೆಯಿಂದ ತಾನೇ? ಸಕ್ಕರೆ ಎಂದರೆ ಸುಕ್ರೋಸ್. ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳು ಅದರಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಮ್ಮ ಸಣ್ಣ ಕರುಳು ಆ ಜೋಡಿಯನ್ನು ಬಿಡಿಸುತ್ತದೆ. ಹಲವು ಹೂಗಳ ಮಕರಂದದಲ್ಲಿ ಇರುವುದೂ ಇದೇ ಸುಕ್ರೋಸ್. ಜೇನುಹುಳ ಅದನ್ನು ತನ್ನ ಕಿಣ್ವದಿಂದ ಮೊದಲೇ ಒಡೆದಿಟ್ಟಿರುತ್ತದೆ. ನಿಮ್ಮ ಕರುಳಿನ ಕೆಲಸವನ್ನು ಹುಳ ಮಾಡಿಕೊಟ್ಟಿದೆ, ಅಷ್ಟೇ.

ಇನ್ನು ಚಮಚದ ಲೆಕ್ಕ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಅದೇ ಚಮಚದಲ್ಲಿ ಜೇನುತುಪ್ಪ ಸುಮಾರು 7 ಗ್ರಾಂ ಹಿಡಿಯುತ್ತದೆ. ನೀರಿನಂಶ ಕಳೆದರೂ ಐದೂವರೆ ಗ್ರಾಂ ಸಕ್ಕರೆಯೇ. ಚಮಚಕ್ಕೆ ಚಮಚ ಹಾಕಿದರೆ ನೀವು ತಿಂದಿದ್ದು ಜಾಸ್ತಿ! ‘ಫ್ರಕ್ಟೋಸ್ ಶುಗರ್ ಏರಿಸಲ್ವಂತೆ’ ಎಂದು ಓದಿಕೊಂಡವರು ವಾದಿಸುತ್ತಾರೆ. ಅಷ್ಟಾಗಿ ಏರಿಸುವುದಿಲ್ಲ, ನಿಜ. ಆದರೆ 100 ಗ್ರಾಂ ಜೇನಿನಲ್ಲಿ ಗ್ಲೂಕೋಸ್ ಕೂಡ ಸುಮಾರು 30 ಗ್ರಾಂ ಇದೆಯಲ್ಲ, ಅದನ್ನೇನು ಮಾಡುತ್ತೀರಿ?

ಅಷ್ಟೂ ಬೇಡ. ಶುಗರ್ ದಿಢೀರ್ ಇಳಿದು ಕೈ ನಡುಗಿದಾಗ ಬೇಗ ಏರಿಸಲು ಒಂದು ದೊಡ್ಡ ಚಮಚ ಜೇನುತುಪ್ಪ ತಿನ್ನಿ ಎಂದು ವೈದ್ಯರೇ ಹೇಳುತ್ತಾರೆ. ಶುಗರ್ ಏರಿಸದ ವಸ್ತುವನ್ನು ಆಗ ಯಾಕೆ ಕೊಡುತ್ತಾರೆ?

ಹಣ್ಣಿನಲ್ಲೂ ಇರುವುದು ಇದೇ ಸಕ್ಕರೆಗಳು. ಆದರೆ ಇಡೀ ಹಣ್ಣು ಅಗಿದು ತಿಂದರೆ ನಾರು ಇರುತ್ತದೆ, ಸಕ್ಕರೆ ನಿಧಾನವಾಗಿ ರಕ್ತ ಸೇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಅಳತೆಯಲ್ಲಿ ತಿನ್ನಿ. ಜ್ಯೂಸ್ ಮಾಡಿ ಸೋಸಿದಿರೋ, ಆ ಅನುಕೂಲ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಸಾಲಿಗೇ ಸೇರಿಸಿದೆ. ಇಡೀ ಹಣ್ಣನ್ನು ಸೇರಿಸಿಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಾಟಲಿಯ ತಳದಲ್ಲಿ ಜೇನು ಹರಳುಗಟ್ಟಿದರೆ ‘ಸಕ್ಕರೆ ಪಾಕ ಬೆರೆಸಿದ್ದಾರೆ’ ಎಂದು ಸುಮ್ನೆ ಚೆಲ್ಲಬೇಡಿ. ಅಲ್ಲಿ ಹರಳಾಗುವುದು ಜೇನಿನದೇ ಗ್ಲೂಕೋಸ್. ಅದು ಜಾಸ್ತಿ ಇರುವ ಜೇನು ಬೇಗ ಗಟ್ಟಿಯಾಗುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ‘ಅಸಲಿ ಜೇನು ನೇರ ತಳ ಸೇರುತ್ತದೆ’ ಎಂದು ಲೋಟದ ನೀರಿಗೆ ಬಿಟ್ಟು ನೋಡುವ ಪರೀಕ್ಷೆಯನ್ನೂ ನಂಬಬೇಡಿ. ಗಟ್ಟಿ ಸಕ್ಕರೆ ಪಾಕವೂ ಹಾಗೇ ತಳ ಸೇರುತ್ತದೆ.