ಆಕ್ಸೊಲಾಟಲ್ ಟ್ಯಾಂಕಿನ ನೀರು ಬದಲಾಯಿಸೋ ಮುಂಚೆ

ಆಕ್ಸೊಲಾಟಲ್ ಸಾಯೋದು ಗಲೀಜು ನೀರಿಂದ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ನಿಜಾನೇ, ಆದ್ರೆ ಎಷ್ಟೋ ಸಲ ಅದು ಸಾಯೋದು ಮನೆಯವರು ಭಾನುವಾರ ಪುರುಸೊತ್ತು ಮಾಡ್ಕೊಂಡು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗಾಜು ಉಜ್ಜಿ, ಫಿಲ್ಟರ್ ಸ್ಪಾಂಜನ್ನ ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದು, ಹೊಸ ನೀರು ತುಂಬಿದ ಮೇಲೆ. ತಿಂಗಳುಗಟ್ಲೆ ಹಳೇ ನೀರಲ್ಲಿ ಆರಾಮಾಗಿದ್ದ ಪ್ರಾಣಿ ಫಳಫಳ ಅನ್ನೋ ನೀರಲ್ಲಿ ಮೈ ಕೆಂಪಾಗಿ, ಕಿವಿರು ಮುದುಡ್ಕೊಂಡು, ತಿನ್ನೋದು ಬಿಟ್ಟು ಮೂಲೆ ಸೇರತ್ತೆ. ಅಂಗಡಿಯವರನ್ನ ಕೇಳಿದ್ರೆ ನೀರು ಸರಿ ಇಲ್ಲ, ಇನ್ನೊಂದ್ಸಲ ಚೇಂಜ್ ಮಾಡಿ ಅಂತಾರೆ. ಮತ್ತೆ ಅದೇ ಕಥೆ.

ಇದು ಯಾಕೆ ಹೀಗಾಗತ್ತೆ ಅನ್ನೋದಕ್ಕೆ ಹೈಸ್ಕೂಲ್ ಕೆಮಿಸ್ಟ್ರಿ ಸಾಕು, ಆದ್ರೆ ಮೊದ್ಲು ಪ್ರಾಣಿ ಬಗ್ಗೆ ಎರಡು ಮಾತು. ಆಕ್ಸೊಲಾಟಲ್ ಮೀನಲ್ಲ, ಕಪ್ಪೆ ಥರ ಉಭಯವಾಸಿ, ಸಲಮ್ಯಾಂಡರ್ ಜಾತಿ. ಬೇರೆ ಎಷ್ಟೋ ಸಲಮ್ಯಾಂಡರ್‌ಗಳು ದೊಡ್ಡವಾದ್ಮೇಲೆ ಕಿವಿರು ಕಳ್ಕೊಂಡು ದಡಕ್ಕೆ ಬರ್ತವೆ, ಇದು ಸಾಮಾನ್ಯವಾಗಿ ಮರಿ ರೂಪದಲ್ಲೇ ಇದ್ದು ನೀರಲ್ಲೇ ಮೊಟ್ಟೆ ಇಟ್ಟು ನೀರಲ್ಲೇ ಮುದಿಯಾಗತ್ತೆ. ತಲೆಯ ಎರಡೂ ಪಕ್ಕ ಗರಿ ಥರ ಹೊರಗೇ ಇರೋ ಕಿವಿರು, ಮೀನಿನ ಥರ ಹುರುಪೆ ಇಲ್ಲದ ತೆಳು ಚರ್ಮ, ಅಂದ್ರೆ ನೀರಲ್ಲಿ ಏನಿದೆಯೋ ಅದು ನೇರವಾಗಿ ಮೈಗೆ ತಾಗತ್ತೆ. 2021ರಲ್ಲಿ ಮೈನ್‌ಕ್ರಾಫ್ಟ್ ಗೇಮ್‌ಗೆ ಇದನ್ನ ಸೇರಿಸಿದ್ರು, ಆಮೇಲೆ ಮಕ್ಕಳ ಬಾಯಲ್ಲೆಲ್ಲಾ ಇದೇ ಹೆಸರು. ಸಾಕೋ ಮುಂಚೆ ಒಂದು ವಿಷ್ಯ ಗೊತ್ತಿರ್ಲಿ, ಇದು ಅಪಾಯದಲ್ಲಿರೋ ಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟ್ಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿರೋ ಪ್ರಾಣಿ, ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ್ಮೇಲೆ ಇಂಥದ್ದನ್ನ ಇಟ್ಕೊಂಡಿರೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸ್ಲೇಬೇಕು. ಅಂಗಡಿಯಲ್ಲಿ ಇದನ್ನ ಯಾರೂ ಹೇಳಲ್ಲ.

ಇದರ ತವರು ಮೆಕ್ಸಿಕೋ ಸಿಟಿಯ ದಕ್ಷಿಣದಲ್ಲಿರೋ ಸೊಚಿಮಿಲ್ಕೊ ಕಾಲುವೆಗಳು. ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ಹಿಂದೆ ಬುಗ್ಗೆ ನೀರು ಬಂದು ತುಂಬ್ತಿದ್ದ ತಣ್ಣನೆ ಕೆರೆ. ಆ ಬುಗ್ಗೆ ನೀರನ್ನ ಇಪ್ಪತ್ತನೇ ಶತಮಾನದ ಶುರುವಲ್ಲೇ ನಗರಕ್ಕೆ ಕುಡಿಯೋಕೆ ಎಳ್ಕೊಂಡ್ರು, ಈಗ ಕಾಲುವೆಗೆ ಬರೋದು ಬಹುಪಾಲು ಸಂಸ್ಕರಿಸಿದ ಕೊಳಚೆ ನೀರು. ಸಾಲದ್ದಕ್ಕೆ ಮೀನುಗಾರಿಕೆಗೆ ಅಂತ ತಂದು ಬಿಟ್ಟ ತಿಲಾಪಿಯಾ ಮತ್ತು ಕಾರ್ಪ್ ಮೀನುಗಳು ಇದರ ಮೊಟ್ಟೆ ಮರಿ ತಿಂದು ಹಾಕಿದ್ವು. 1998ರ ಸಮೀಕ್ಷೆಯಲ್ಲಿ ಚದರ ಕಿಲೋಮೀಟರ್‌ಗೆ 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಇಳೀತು. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತವರ ತಂಡ ಅಲ್ಲಿನ ರೈತರ ಜೊತೆ ಸೇರಿ ಸಣ್ಣ ಕಾಲುವೆಗಳ ಬಾಯಿಗೆ ಕಲ್ಲು, ಗಿಡಗಳ ತಡೆ ಕಟ್ಟಿ, ಪರದೇಶಿ ಮೀನು ಒಳಗೆ ಬರದ ಹಾಗೆ ನೀರೂ ಸ್ವಲ್ಪ ಸೋಸಿ ಬರೋ ಹಾಗೆ ಮಾಡ್ತಿದಾರೆ. ನಾವು ನಾಲ್ಕಡಿ ಗಾಜಿನ ಪೆಟ್ಟಿಗೇಲಿ ಪರದಾಡ್ತಿರೋದನ್ನೇ ಅವ್ರು ಊರಗಲ ಮಾಡ್ತಿರೋದು.

ಸರಿ, ಟ್ಯಾಂಕಿಗೆ ಬರೋಣ. ನೀವು ಎರೆಹುಳು ಹಾಕ್ತೀರಾ, ಅದು ನುಂಗತ್ತೆ. ಹುಳದಲ್ಲಿರೋ ಪ್ರೋಟೀನು ಜೀರ್ಣ ಆದ್ಮೇಲೆ ಉಳಿಯೋ ಸಾರಜನಕ ಹೆಚ್ಚಾಗಿ ಅಮೋನಿಯಾ ಆಗಿ ಕಿವಿರಿಂದ ಹೊರಗೆ ಬರತ್ತೆ. ಕಕ್ಕ ತೆಗೆದ್ರೂ ಅಮೋನಿಯಾ ಯಾಕೆ ಬಂತು ಅಂತ ಕೇಳೋರಿಗೆ ಇದೇ ಉತ್ತರ, ಅದು ಉಸಿರಾಡೋ ಜಾಗದಿಂದಾನೇ ಬರ್ತಾ ಇರತ್ತೆ, ನೀವು ಸೈಫನ್ ಹಿಡ್ಕೊಂಡು ಕಾಯ್ತಾ ಕೂತ್ರೂ ಸಿಗಲ್ಲ. ಅದನ್ನ ತಿನ್ನೋಕೆ ಎರಡು ಗುಂಪಿನ ಬ್ಯಾಕ್ಟೀರಿಯಾ ಇವೆ, ಒಂದು ಅಮೋನಿಯಾನ ನೈಟ್ರೈಟ್ ಮಾಡತ್ತೆ, ಇನ್ನೊಂದು ನೈಟ್ರೈಟನ್ನ ನೈಟ್ರೇಟ್ ಮಾಡತ್ತೆ, ಒಂದೇ ಬ್ಯಾಕ್ಟೀರಿಯಾ ಎರಡೂ ಕೆಲಸ ಮಾಡತ್ತೆ ಅನ್ನೋದೂ 2015ರಲ್ಲಿ ಪತ್ತೆ ಆಗಿದೆ, ಅದಿರ್ಲಿ. ಅಮೋನಿಯಾ ಕಿವಿರನ್ನ ಸುಡತ್ತೆ, ನೈಟ್ರೈಟ್ ರಕ್ತಕ್ಕೆ ಆಮ್ಲಜನಕ ಹೊರೋ ಶಕ್ತೀನ ಕಿತ್ಕೊಳತ್ತೆ, ಇವೆರಡೂ ಸೊನ್ನೆ ಇರ್ಬೇಕು. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, 20 ಪಿಪಿಎಂ (ಅಂದ್ರೆ ಲೀಟರಿಗೆ 20 ಮಿಲಿಗ್ರಾಂ) ಒಳಗಿದ್ರೆ ಒಳ್ಳೇದು, 40 ದಾಟೋಕೆ ಬಿಡ್ಬಾರ್ದು.

ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲ್ತಾ ಇರೋದು ತೀರಾ ಕಡಿಮೆ. ಸ್ಪಾಂಜಿನ ತೂತು, ಕಲ್ಲು, ಪೈಪ್ ಒಳಗೆ ಲೋಳೆ ಥರ ಅಂಟ್ಕೊಂಡಿರ್ತವೆ. ಅದಕ್ಕೇ ನೀರು ಬದಲಾಯಿಸಿದ್ರೆ ಅವು ಹೋಗಲ್ಲ, ಆದ್ರೆ ಸ್ಪಾಂಜನ್ನ ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ತೊಳೆದ್ರೆ ಸಾಯ್ತವೆ. ಟ್ಯಾಂಕಿಂದ ತೆಗೆದ ಬಕೆಟ್ ನೀರಲ್ಲೇ ಸ್ಪಾಂಜನ್ನ ಎರಡ್ಸಲ ಅದ್ದಿ ಹಿಂಡಿದ್ರೆ ಸಾಕು, ಕಂದು ಬಣ್ಣ ಉಳಿದ್ರೆ ಉಳೀಲಿ. ಹೊಸ ಟ್ಯಾಂಕಲ್ಲಿ ಈ ಲೋಳೆ ಕಟ್ಟೋಕೆ ನಾಲ್ಕರಿಂದ ಎಂಟು ವಾರ ಬೇಕು. ಪ್ರಾಣಿ ಇಲ್ದೆ, ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂ ಅಮೋನಿಯಾ ಮಾಡಿ, ಅದೂ ಅದ್ರಿಂದ ಆಗೋ ನೈಟ್ರೈಟೂ 24 ಗಂಟೇಲಿ ಸೊನ್ನೆ ಆಗೋವರೆಗೂ ಕಾಯ್ಬೇಕು. ತಣ್ಣೀರಲ್ಲಿ ಈ ಬ್ಯಾಕ್ಟೀರಿಯಾ ನಿಧಾನ, ಹಾಗಾಗಿ ಈ ಹಂತದಲ್ಲಿ ನಮ್ಮೂರ ಸೆಕೆ ಒಂದು ವರ ಅನ್ನಿ, ಟ್ಯಾಂಕ್ 27 ಡಿಗ್ರೀಲಿ ಇದ್ರೆ ಬೇಗ ಆಗತ್ತೆ, ಆಮೇಲೆ ತಣ್ಣಗೆ ಮಾಡಿ ಪ್ರಾಣಿ ಬಿಡಿ.

ಈಗ ಅಸಲು ವಿಷ್ಯ. ನೀರಲ್ಲಿ ಅಮೋನಿಯಾ ಎರಡು ವೇಷದಲ್ಲಿರತ್ತೆ. ಒಂದು ಬರೀ ಅಮೋನಿಯಾ, ಅದು ಚರ್ಮ ಕಿವಿರು ದಾಟಿ ಒಳಗೆ ಹೋಗೋ ವಿಷ. ಇನ್ನೊಂದು ಹೈಡ್ರೋಜನ್ ಅಯಾನು ಒಂದನ್ನ ಹಿಡ್ಕೊಂಡಿರೋ ಅಮೋನಿಯಂ, ಅದು ಅಷ್ಟು ಸುಲಭವಾಗಿ ಒಳಗೆ ಹೋಗಲ್ಲ, ಹೆಚ್ಚುಕಮ್ಮಿ ನಿರಪಾಯ. ಯಾವುದು ಎಷ್ಟಿರತ್ತೆ ಅನ್ನೋದನ್ನ ತೀರ್ಮಾನ ಮಾಡೋದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ, 7ಕ್ಕಿಂತ ಕೆಳಗೆ ಆಮ್ಲ) ಮತ್ತು ಉಷ್ಣಾಂಶ. 20 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಸಾವಿರ ಭಾಗದಲ್ಲಿ ವಿಷದ್ದು ಸುಮಾರು 4, ಪಿಎಚ್ 8 ಆದ್ರೆ ಸುಮಾರು 38. ಪಿಎಚ್ 6ಕ್ಕೆ ಇಳಿದ್ರೆ ಸಾವಿರಕ್ಕೆ ಅರ್ಧಾನೂ ಇಲ್ಲ. ಅಂದ್ರೆ ಟೆಸ್ಟ್ ಕಿಟ್ಟಲ್ಲಿ ಅಮೋನಿಯಾ 1 ಅಂತ ಬಂದ್ರೆ ಅದೊಂದೇ ನಂಬರಿಂದ ಏನೂ ಗೊತ್ತಾಗಲ್ಲ, ಪಿಎಚ್ ಕೇಳ್ದೆ ಗಾಬರಿ ಆಗೋದೂ ತಪ್ಪು, ಸುಮ್ಮನಿರೋದೂ ತಪ್ಪು.

ಇದಕ್ಕೆ ಇನ್ನೊಂದು ಕೊಂಡಿ ಇದೆ, ಕೆಎಚ್. ನೀರಲ್ಲಿರೋ ಬೈಕಾರ್ಬೊನೇಟ್ ಲೆಕ್ಕ ಅದು, ಆಮ್ಲ ಬಂದಾಗ ಹೀರ್ಕೊಂಡು ಪಿಎಚ್ ಅಲುಗಾಡದ ಹಾಗೆ ನೋಡ್ಕೊಳ್ಳೋದು. ನಮ್ಮ ಬ್ಯಾಕ್ಟೀರಿಯಾ ಅಮೋನಿಯಾ ತಿಂದಾಗ ಆಮ್ಲ ಹುಟ್ಟತ್ತೆ, ಆ ಆಮ್ಲ ಕೆಎಚ್ಚನ್ನ ತಿನ್ನತ್ತೆ. ಲೆಕ್ಕ ಹಾಕಿದ್ರೆ ಟ್ಯಾಂಕಲ್ಲಿ ನೈಟ್ರೇಟ್ ಸುಮಾರು 11 ಪಿಪಿಎಂ ಏರಿದ್ರೆ ಕೆಎಚ್ ಒಂದು ಡಿಗ್ರಿ ಖರ್ಚಾಗಿರತ್ತೆ. ಆಕ್ಸೊಲಾಟಲ್‌ಗೆ ಕೆಎಚ್ 3ರಿಂದ 8, ಪಿಎಚ್ 7.4ರ ಆಸುಪಾಸು ಚೆನ್ನಾಗಿ ಒಗ್ಗತ್ತೆ. ಈಗ ನೋಡಿ, ಒಬ್ರು ಅಡುಗೆಮನೆ ಆರ್‌ಒ ನೀರು ಶುದ್ಧ ಅಂತ ಅದನ್ನೇ ತುಂಬ್ತಾರೆ, ಅದ್ರಲ್ಲಿ ಕೆಎಚ್ ಒಂದೋ ಅದಕ್ಕಿಂತ ಕಮ್ಮಿನೋ ಇರತ್ತೆ, ಮೇಲೆ ನೀರು ಬದಲಾಯಿಸೋಕೆ ಸೋಮಾರಿತನ. ಕೆಲವೇ ವಾರದಲ್ಲಿ ಕೆಎಚ್ ಸೊನ್ನೆ, ಪಿಎಚ್ ಜಾರಿ 6ಕ್ಕೆ ಬರತ್ತೆ, ಅಷ್ಟು ಆಮ್ಲದಲ್ಲಿ ಬ್ಯಾಕ್ಟೀರಿಯಾ ಕೆಲಸ ನಿಲ್ಸತ್ತೆ, ಅಮೋನಿಯಾ ಸೇರ್ತಾ ಹೋಗಿ 4 ಪಿಪಿಎಂ ಆಗತ್ತೆ. ಆದ್ರೂ ಪ್ರಾಣಿ ಸಾಯಲ್ಲ ಯಾಕಂದ್ರೆ ಎಲ್ಲಾ ಅಮೋನಿಯಂ ವೇಷದಲ್ಲಿದೆ, ವಿಷದ ಪಾಲು ಲೀಟರಿಗೆ 0.0016 ಮಿಲಿಗ್ರಾಂ ಅಷ್ಟೇ. ಆಗ ಯಾರೋ ಹೇಳ್ತಾರೆ ಅರ್ಧ ನೀರು ಚೇಂಜ್ ಮಾಡಿ ಅಂತ, ಇವ್ರು ಬೋರ್‌ವೆಲ್ ನೀರು ತುಂಬ್ತಾರೆ, ಅದ್ರ ಕೆಎಚ್ ಜಾಸ್ತಿ, ಪಿಎಚ್ ಸೀದಾ 8ರ ಹತ್ರಕ್ಕೆ ಹಾರತ್ತೆ. ಒಟ್ಟು ಅಮೋನಿಯಾ 4ರಿಂದ 2ಕ್ಕೆ ಇಳೀತು, ಖುಷಿ. ಆದ್ರೆ ವಿಷದ ಪಾಲು 0.076, ಸುಮಾರು 48 ಪಟ್ಟು ಏರಿತು. ಮೀನು ಸಾಕೋರು 0.02 ದಾಟಿದ್ರೇ ಹುಷಾರಾಗ್ತಾರೆ. ಅರ್ಧ ನೀರು ಬದಲಾಯಿಸಿದ್ದಕ್ಕೇ ಸುಟ್ಟಿದ್ದು ಅನ್ನೋದು ಯಾರಿಗೂ ಹೊಳೆಯಲ್ಲ.

ಹಾಗಾಗಿ ಟ್ಯಾಂಕಿನ ನೀರಿನ ಜೊತೆ ತುಂಬೋ ನೀರನ್ನೂ ಟೆಸ್ಟ್ ಮಾಡ್ಬೇಕು. ಬೆಂಗಳೂರಲ್ಲಿ ಇದು ಇನ್ನೂ ತಲೆನೋವು, ಒಂದೇ ಅಪಾರ್ಟ್‌ಮೆಂಟಿನ ಸಂಪಿಗೆ ಸೋಮವಾರ ಕಾವೇರಿ, ಬುಧವಾರ ಬೋರ್‌ವೆಲ್, ಬೇಸಿಗೇಲಿ ಯಾವ ಊರಿಂದ್ಲೋ ಬಂದ ಟ್ಯಾಂಕರ್. ಕಾವೇರಿ ನೀರಲ್ಲಿ ಕ್ಲೋರಿನ್ ಇರತ್ತೆ, ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ಹನಿ ಹಾಕಿದ್ರೆ ಹೋಗತ್ತೆ, ಅದ್ರಲ್ಲಿರೋದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟು, ಹಳೇ ಸ್ಟುಡಿಯೋದವರು ಫೋಟೋ ತೊಳೆಯೋಕೆ ಬಳಸ್ತಿದ್ದ ಹೈಪೋನೇ. ಬೋರ್‌ವೆಲ್ ನೀರಲ್ಲಿ ಇನ್ನೊಂದು ಕಾಟ, ನೈಟ್ರೇಟ್. ನಮ್ಮ ಕುಡಿಯೋ ನೀರಿನ ಮಾನದಂಡ 45 ಮಿಲಿಗ್ರಾಂವರೆಗೂ ಒಪ್ಪತ್ತೆ, ಮನುಷ್ಯರಿಗೆ ಪಾಸಾದ ನೀರು ಆಕ್ಸೊಲಾಟಲ್‌ಗೆ ಶುರುವಲ್ಲೇ ಫೇಲ್, ಎಷ್ಟು ಬದಲಾಯಿಸಿದ್ರೂ ನೈಟ್ರೇಟ್ ಇಳಿಯಲ್ಲ. ಇನ್ನು ಸಾಫ್ಟ್‌ನರ್ ಹಾಕಿರೋ ಮನೆಯವರು ನಮ್ದು ಮೆದು ನೀರು ಅಂತಾರೆ. ಸಾಫ್ಟ್‌ನರ್ ಮಾಡೋದು ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಸೋಡಿಯಂ ಇಡೋದಷ್ಟೇ, ಕೆಎಚ್ ಹಾಗೇ ಇರತ್ತೆ, ಪಿಎಚ್ಚೂ ಏರಿದ್ದು ಏರಿದ ಹಾಗೇ, ಪ್ರಾಣಿಗೆ ಬೇಕಾದ ಕ್ಯಾಲ್ಸಿಯಂ ಮಾತ್ರ ಮಾಯ. ನನ್ನ ಪ್ರಕಾರ ಗಡಸು ಬೋರ್‌ವೆಲ್ ನೀರಿಗೆ ಆರ್‌ಒ ನೀರು ಬೆರೆಸಿ, ಕೆಎಚ್ 4ರಿಂದ 6ರಲ್ಲಿ ನಿಲ್ಲಿಸಿ, ಪ್ರತಿ ವಾರ ಅದೇ ಅಳತೇಲಿ ಬೆರೆಸೋದು ಎಲ್ಲಕ್ಕಿಂತ ವಾಸಿ. ಪರ್ಫೆಕ್ಟ್ ನಂಬರಿಗೆ ಒದ್ದಾಡೋದಕ್ಕಿಂತ ಒಂದೇ ಥರ ಇರೋ ನೀರು ಮುಖ್ಯ.

ಸೆಕೆ ವಿಷ್ಯ ಹೇಳದಿದ್ರೆ ಇದೆಲ್ಲಾ ದಂಡ. ಇದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ, 20 ಆದ್ರೂ ನಡೆಯತ್ತೆ, 24 ದಾಟಿದ್ರೆ ಕಷ್ಟ ಶುರು. ಬಿಸಿ ಏರಿದ ಹಾಗೆ ಪ್ರಾಣಿಗೆ ಹೆಚ್ಚು ಆಮ್ಲಜನಕ ಬೇಕು, ನೀರಲ್ಲಿ ಮಾತ್ರ ಕಮ್ಮಿ ಕರಗತ್ತೆ, ಸಮುದ್ರ ಮಟ್ಟದಲ್ಲಿ 15 ಡಿಗ್ರೀಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಹಿಡಿಯೋ ನೀರು 30 ಡಿಗ್ರೀಲಿ ಹಿಡಿಯೋದು ಏಳೂವರೆ. ಮೇಲಿಂದ ಅಮೋನಿಯಾದಲ್ಲಿ ವಿಷದ ಪಾಲೂ ಏರತ್ತೆ. ನೀರಿನ ಮೇಲ್ಮೈಗೆ ಫ್ಯಾನ್ ಹಿಡಿದ್ರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯತ್ತೆ, ಒಣ ಹವೆ ಇರೋ ಕಡೆ ಚೆನ್ನಾಗಿ, ಮಂಗಳೂರಿನ ಬೆವರು ಹವೇಲಿ ಅಷ್ಟಕ್ಕಷ್ಟೆ. ಆವಿಯಾಗಿ ಹೋಗೋದು ಬರೀ ನೀರು, ಉಪ್ಪಿನಂಶ ಅಲ್ಲೇ ಉಳಿಯತ್ತೆ, ಅದಕ್ಕೇ ಕಮ್ಮಿಯಾದಷ್ಟನ್ನ ತುಂಬೋಕೆ ಆರ್‌ಒ ನೀರೇ ಹಾಕಿ, ಬೋರ್‌ವೆಲ್ ನೀರು ಹಾಕ್ತಾ ಹೋದ್ರೆ ಗಡಸುತನ ಏರ್ತಾನೇ ಇರತ್ತೆ. ಐಸ್ ಬಾಟ್ಲಿ ಇಳಿಬಿಡೋದು ಕರೆಂಟ್ ಹೋದ ದಿನಕ್ಕೆ ಸರಿ, ದಿನಾ ಅದನ್ನೇ ಮಾಡಿದ್ರೆ ಉಷ್ಣಾಂಶ ಉಯ್ಯಾಲೆ ಆಡತ್ತೆ. ನೇರವಾಗಿ ಹೇಳ್ಬಿಡ್ತೀನಿ, ರಾಯಚೂರು, ಕಲಬುರಗಿ, ಮಂಗಳೂರಲ್ಲಿ ಚಿಲ್ಲರ್ (ನೀರು ತಣ್ಣಗಿಡೋ ಯಂತ್ರ) ಇಲ್ದೆ ಇದನ್ನ ಸಾಕೋದು ಹಿಂಸೆ, ಬೆಂಗಳೂರಲ್ಲೂ ಏಪ್ರಿಲ್‌ನಲ್ಲಿ ಹಿಂಸೇನೇ. ಚಿಲ್ಲರ್‌ಗೆ ಕೊಡೋ ದುಡ್ಡು ಪ್ರಾಣಿಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಅಂತ ಗೊತ್ತಾದ್ಮೇಲೂ ಬೇಕು ಅನ್ಸಿದ್ರೆ ಮಾತ್ರ ತನ್ನಿ. ವಾರದ ನೀರು ಬದಲಾಯಿಸುವಾಗ ಓವರ್‌ಹೆಡ್ ಟ್ಯಾಂಕಿನ ಮಧ್ಯಾಹ್ನದ ನೀರು ಮುಟ್ಟಲೇಬೇಡಿ, ಹಿಂದಿನ ರಾತ್ರಿ ಬಕೆಟ್ಟಲ್ಲಿ ಹಿಡಿದಿಟ್ಟು ಥರ್ಮಾಮೀಟರ್ ನೋಡಿ ಹಾಕಿ.

ಟೆಸ್ಟ್ ಕಿಟ್ ಬಗ್ಗೆ ಒಂದು ಸಣ್ಣ ವಿಷ್ಯ, ಪಟ್ಟಿ ಅದ್ದೋ ಕಿಟ್ಟಿಗಿಂತ ಹನಿ ಹಾಕೋ ಕಿಟ್ ತಗೊಳ್ಳಿ. ಅಮೋನಿಯಾದ್ದು ಸುಲಭ, ಟ್ಯೂಬಿಗೆ ಹನಿ ಹಾಕಿ ಐದು ನಿಮಿಷ ಬಿಟ್ರೆ ಹಳದಿ ಇದ್ರೆ ಸೊನ್ನೆ, ಹಸಿರಿಗೆ ತಿರುಗಿದ್ರೆ ಇದೆ ಅಂತ. ಮೋಸ ಮಾಡೋದು ನೈಟ್ರೇಟ್ ಕಿಟ್ಟು. ಅದ್ರ ಎರಡನೇ ಬಾಟ್ಲಿ ತಳದಲ್ಲಿ ಪುಡಿ ಕೂತಿರತ್ತೆ, ನೈಟ್ರೇಟನ್ನ ನೈಟ್ರೈಟ್ ಮಾಡಿ ಬಣ್ಣ ಬರ್ಸೋದು ಆ ಪುಡೀನೇ. ಬಾಟ್ಲೀನ ಅರ್ಧ ನಿಮಿಷ ಜೋರಾಗಿ ಕುಲುಕಿ, ಟೇಬಲ್ಲಿಗೆ ಕುಟ್ಟಿ, ಆಮೇಲೆ ಹನಿ ಹಾಕಿ ಟ್ಯೂಬನ್ನೂ ಒಂದು ನಿಮಿಷ ಕುಲುಕಬೇಕು. ಹಾಗೇ ಹಾಕಿದ್ರೆ 40 ಇರೋ ನೀರೂ ತಿಳಿ ಹಳದಿ ತೋರಿಸಿ ನಿಮ್ಮನ್ನ ಖುಷಿ ಪಡಿಸತ್ತೆ. ಇನ್ನು ಬೋರ್‌ವೆಲ್ ನೀರನ್ನ ಲ್ಯಾಬಿಗೆ ಕಳಿಸಿದ್ರೆ ರಿಪೋರ್ಟಲ್ಲಿ ನೈಟ್ರೇಟ್ ಅಂತಿದೆಯಾ ನೈಟ್ರೇಟ್ ಸಾರಜನಕ ಅಂತಿದೆಯಾ ನೋಡಿ, ಎರಡನೇದಾದ್ರೆ 4.4ರಿಂದ ಗುಣಿಸ್ಬೇಕು.

ಎಲ್ಲಾ ಸರಿ ಇರೋ ಟ್ಯಾಂಕಿಗೆ ವಾರಕ್ಕೆ ಕಾಲು ಭಾಗ ನೀರು ಬದಲಾಯಿಸಿದ್ರೆ ಧಾರಾಳ. ಪಿಎಚ್ ಜಾರಿ ಅಮೋನಿಯಾ ಸೇರಿರೋ ಹಳೇ ಟ್ಯಾಂಕ್ ಕೈಗೆ ಬಂದ್ರೆ ಮೊದ್ಲು ಪ್ರಾಣೀನ ಹೊರಗೆ ತೆಗೀರಿ. ಮುಚ್ಚಳ ಇರೋ ಪ್ಲಾಸ್ಟಿಕ್ ಟಬ್ಬಲ್ಲಿ, ಕ್ಲೋರಿನ್ ತೆಗೆದ, ಅಷ್ಟೇ ತಣ್ಣಗಿರೋ ನೀರಲ್ಲಿ ಇಡಿ, ಮುಚ್ಚಳಕ್ಕೆ ಗಾಳಿ ಆಡೋಕೆ ತೂತಿರ್ಲಿ. ಆ ನೀರಿನ ಪಿಎಚ್ ಬೇರೆ ಇದ್ರೂ ಅದ್ರಲ್ಲಿ ವಿಷ ಆಗೋಕೆ ಅಮೋನಿಯಾನೇ ಇಲ್ಲ, ಸುಡೋ ಪ್ರಶ್ನೆ ಬರಲ್ಲ. ಟಬ್ಬಿನ ನೀರನ್ನ ದಿನಾ ಪೂರ್ತಿ ಚೆಲ್ಲಿ ಹೊಸದು ಹಾಕ್ಬೇಕು. ಟ್ಯಾಂಕಲ್ಲಿ ಬೇಡ ಅಂದ ಕೆಲಸ ಇಲ್ಲಿ ಯಾಕೆ ಸರಿ ಅಂದ್ರೆ ಟಬ್ಬಲ್ಲಿ ಅಮೋನಿಯಾ ತಿನ್ನೋಕೆ ಬ್ಯಾಕ್ಟೀರಿಯಾ ಇಲ್ಲ, ಚೆಲ್ಲೋದೊಂದೇ ದಾರಿ, ಒಂದೇ ದಿನದ ನೀರಾದ್ರಿಂದ ಕೆಎಚ್ ತೀರೋಕೆ ಟೈಮೂ ಇಲ್ಲ. ಅಷ್ಟರಲ್ಲಿ ಖಾಲಿ ಟ್ಯಾಂಕಿನ ನೀರನ್ನ ಎಷ್ಟು ಬೇಕಾದ್ರೂ ಬದಲಾಯಿಸಿ, ಕೆಎಚ್ ಮೇಲೆತ್ತಿ, ಬ್ಯಾಕ್ಟೀರಿಯಾ ಮತ್ತೆ ಎದ್ದು ಒಂದು ದಿನದಲ್ಲಿ 2 ಪಿಪಿಎಂ ಮುಗಿಸ್ತಿದೆ ಅಂತ ಖಾತ್ರಿ ಆದ್ಮೇಲೆ ವಾಪಸ್ ಬಿಡಿ. ಅದಕ್ಕೆ ಮೂರು ವಾರ ಆದ್ರೂ ಸರಿ, ಟಬ್ಬಲ್ಲಿ ಅದಕ್ಕೇನೂ ಬೇಜಾರಿಲ್ಲ, ಬಕೆಟ್ ಹೊರೋ ನಮ್ಮ ಸೊಂಟಕ್ಕಷ್ಟೇ.